ಬಂಡೆಯ ಮೇಲೆ ನಾಯಕ: ರಸಿಕರಿಗೊಂದು ಕೈಪಿಡಿ

ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡಬೇಕೆಂದು ತೀರ್ಮಾನವಾದರೆ ಊರಿಗೆ ಊರೇ ತಿಂಗಳುಗಟ್ಟಲೆ ಅದರಲ್ಲೇ ಮುಳುಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ರಾತ್ರಿ ಊಟ ಮುಗಿದ ಮೇಲೆ ಪ್ರಾಕ್ಟೀಸು, ಸೀನರಿಯವರಿಗೆ ಅಡ್ವಾನ್ಸು. ಪಾತ್ರಧಾರಿಗಳೇ ಹಣ ಹಾಕಿಕೊಂಡು ಆಡುವ ರೂಢಿ ಇಲ್ಲಿದೆ. ಕೃಷ್ಣ, ದುರ್ಯೋಧನರಂಥ ದೊಡ್ಡ ಪಾತ್ರಕ್ಕೆ ಹಣವೂ ದೊಡ್ಡದು. ಹಾಗೆಂದು ದುಡ್ಡು ಕೊಟ್ಟವರನ್ನೆಲ್ಲ ಊರು ಒಪ್ಪಿಕೊಳ್ಳುವುದಿಲ್ಲ. ಚಾಪೆ ಹಾಸಿ ಬೆಳಗಿನವರೆಗೂ ಕೂತವರ ತೀರ್ಪು ಖಡಕ್ಕಾಗಿರುತ್ತದೆ: ‘ಆಳೇನೋ ಅವ್ನೆ, ಗಂಟ್ಲಿಲ್ಲ ಕಣ್ಲಾ.’ ದುರ್ಯೋಧನನಿಗೆ ಗದೆ ಹೆಗಲ ಮೇಲೆ ಕೂರಬೇಕು, ಕಂದಪದ್ಯ ಎತ್ತಿದರೆ ಕೊನೆಯ ಸಾಲಿನವರಿಗೂ ಮುಟ್ಟಬೇಕು. ಕೃಷ್ಣನಿಗೆ ಕಣ್ಣಲ್ಲೇ ತುಂಟತನ ಬೇಕು. ಮೂಗು, ಬಣ್ಣದ ವಿಚಾರ ಬರುವುದು ಆಮೇಲೆ.

ಸಿನಿಮಾದ ನಾಯಕನಟನನ್ನು ನೋಡಲು ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ. ಒಬ್ಬ ನಟ ತೆರೆಯ ಮೇಲೆ ಚೆಲುವನಾಗಿ ಕಾಣುವುದು ಅವನ ಮೈ, ದನಿ, ನಡಿಗೆಗೆ ತಕ್ಕ ಪಾತ್ರ ಸಿಕ್ಕಾಗ. ಅದೇ ಮುಖ ಬೇರೆ ಪಾತ್ರದಲ್ಲಿ ಸಪ್ಪೆಯಾಗಬಹುದು. ಚನ್ನಪಟ್ಟಣದ ಬೊಂಬೆ ಕೆಲಸದವರು ಬೆಲೆಬಾಳುವ ಮರಗಳನ್ನೆಲ್ಲ ಬಿಟ್ಟು ಹಾಲೆ ಮರವನ್ನೇ ಆರಿಸಿದ್ದು ಅದು ಕಡೆಯುವುದಕ್ಕೆ ಬಗ್ಗುತ್ತದೆ, ಅರಗಿನ ಬಣ್ಣ ಹಿಡಿಯುತ್ತದೆ ಎಂದು. ನಿರ್ದೇಶಕ ನಟನನ್ನು ಆರಿಸುವಾಗ ನೋಡುವುದೂ ಅಂಥ ಹೊಂದಿಕೆಯನ್ನೇ.

ಈ ಹೊಂದಿಕೆ ಹೇಗೆ ಕೂಡಿಬರುತ್ತದೆ ಎಂಬುದಕ್ಕೆ ದೇಶದಲ್ಲೇ ದೊಡ್ಡ ಉದಾಹರಣೆ ರಾಮನಗರದ ಬಂಡೆಗಳ ನಡುವೆ ತಯಾರಾಯಿತು. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ರಾಮದೇವರಬೆಟ್ಟದ ಬುಡದಲ್ಲಿ ‘ಶೋಲೆ’ ಚಿತ್ರೀಕರಣ ಆರಂಭಿಸಿದರು. ಕಲಾ ನಿರ್ದೇಶಕ ರಾಮ್ ಯೆಡೇಕರ್ ಅಲ್ಲಿ ರಾಮಗಢವೆಂಬ ಒಂದಿಡೀ ಹಳ್ಳಿಯನ್ನೇ ಎಬ್ಬಿಸಿದ್ದರು. ಚಿತ್ರ ತೆರೆಕಂಡದ್ದು 1975ರ ಆಗಸ್ಟ್ 15ರಂದು. ಎಲ್ಲರೂ ನೋಡಿರುವ ಚಿತ್ರ. ಆದರೆ ಯಾರು ಯಾವ ಪಾತ್ರ ಮಾಡಿದರು, ಯಾಕೆ ಎಂಬ ಪ್ರಶ್ನೆ ಇಟ್ಟುಕೊಂಡು ಮತ್ತೊಮ್ಮೆ ನೋಡಿದರೆ ಬೇರೆಯದೇ ಸಿನಿಮಾ ಕಾಣುತ್ತದೆ.

ಮೊದಲು ವಯಸ್ಸು. ಮುದಿ ಠಾಕೂರನಾದ ಸಂಜೀವ್ ಕುಮಾರ್ ಹುಟ್ಟಿದ್ದು 1938ರಲ್ಲಿ, ಪಡ್ಡೆ ಹುಡುಗನಂತೆ ಕುಣಿಯುವ ವೀರು ಧರ್ಮೇಂದ್ರ 1935ರಲ್ಲಿ. ಮುದುಕನಾದವನು ಹುಡುಗನಿಗಿಂತ ಸುಮಾರು ಮೂರು ವರ್ಷ ಕಿರಿಯ! ಠಾಕೂರನ ಪಾತ್ರದ ಮೇಲೆ ಧರ್ಮೇಂದ್ರರಿಗೂ ಆಸೆಯಿತ್ತು. ಹಾಗಾದರೆ ವೀರು ಸಂಜೀವ್ ಕುಮಾರ್ ಆಗುತ್ತಾರೆ, ಹೇಮಾಮಾಲಿನಿ ಅವರ ಜೋಡಿಯಾಗುತ್ತಾರೆ ಎಂದು ಸಿಪ್ಪಿ ಹೇಳಿದ ಮೇಲೆ ಆ ಆಸೆ ಬಿಟ್ಟರು ಎಂಬ ಕಥೆ ಚಿತ್ರರಂಗದಲ್ಲಿ ಮನೆಮಾತು. ಚಿತ್ರ ಉಳಿದದ್ದು ಅಲ್ಲೇ. ಅಂದಿನ ಹಿಂದಿ ಚಿತ್ರರಂಗದ ಕಟ್ಟುಮಸ್ತು ಗಂಡು ನೀರಿನ ಟ್ಯಾಂಕಿನ ಮೇಲೆ ಹತ್ತಿ ಕುಡಿದು ಕೂಗಾಡಿದರೆ ನಗು ಬರುವುದು ಆತ ಅಷ್ಟು ಗಟ್ಟಿಗನಾದ್ದರಿಂದ. ತನ್ನ ಚೆಲುವನ್ನು ಲಘುವಾಗಿ ತೆಗೆದುಕೊಳ್ಳಬಲ್ಲ ನಟ ಪ್ರೇಕ್ಷಕನಿಗೆ ಬೇಗ ಆಪ್ತನಾಗುತ್ತಾನೆ.

ಕೈ ಕಳೆದುಕೊಂಡ ಠಾಕೂರನ ಭಾಗ ನೋಡುವಾಗ ಕೈಗಳ ಬಗ್ಗೆ ಯೋಚಿಸಬೇಕು. ನಟನಿಗೆ ಕೈ ಎಂದರೆ ಅರ್ಧ ಅಭಿನಯ. ಸಂಜೀವ್ ಕುಮಾರ್ ಪಾಲಿಗೆ ಅದು ಶಾಲಿನೊಳಗೆ ಮುಚ್ಚಿಹೋಗಿದೆ. ಉಳಿದದ್ದು ಕುತ್ತಿಗೆ, ದವಡೆ, ಕಣ್ಣು. ಸಿಟ್ಟನ್ನೆಲ್ಲ ದವಡೆಗೆ ತಂದು ನಿಲ್ಲಿಸಿ, ಬೆನ್ನನ್ನು ನೆಟ್ಟಗೆ ಹಿಡಿದು ಆ ಮನುಷ್ಯ ಇಡೀ ಹಳ್ಳಿಯ ಭಾರ ಹೊರುತ್ತಾನೆ. ಟಿವಿಯ ಶಬ್ದ ಪೂರ್ತಿ ಅಡಗಿಸಿ ಈ ದೃಶ್ಯಗಳನ್ನು ಹತ್ತು ನಿಮಿಷ ನೋಡಿದರೆ, ಬರಿಯ ನಿಲುವಿನಿಂದ ನಟ ಎಷ್ಟು ಹೇಳಬಲ್ಲ ಎಂಬುದು ತಾನೇ ತಿಳಿಯುತ್ತದೆ.

ವೀರುವಿನ ಗೆಳೆಯ ಜೈ ಪಾತ್ರಕ್ಕೆ ಶತ್ರುಘ್ನ ಸಿನ್ಹಾ ಹೆಸರು ಚಾಲ್ತಿಯಲ್ಲಿತ್ತು. ಕೊನೆಗೆ ಪಾತ್ರ ಸಿಕ್ಕ ಅಮಿತಾಭ್ ಬಚ್ಚನ್ 1973ರ ‘ಜಂಜೀರ್’ಗೆ ಮುಂಚೆ ಸಾಲುಸಾಲು ಸೋಲು ಕಂಡವರು, ತೀರ ಉದ್ದ, ತೀರ ತೆಳ್ಳಗೆ ಎಂಬ ದೂರು ಬೇರೆ. ಜೈ ಹೆಚ್ಚು ಮಾತಾಡುವವನಲ್ಲ. ಮಾತಿನ ಸಿಡಿಮದ್ದಿನಂಥ ಶತ್ರುಘ್ನ ಅಲ್ಲಿದ್ದರೆ ವೀರುವಿನ ಗದ್ದಲಕ್ಕೆ ಎದುರುಭಾರ ಎಲ್ಲಿಂದ ಬರುತ್ತಿತ್ತು? ಸಂಜೆ ಜಗಲಿಯಲ್ಲಿ ಕೂತು ಮೌತ್ ಆರ್ಗನ್ ಊದುವ ಜೈ, ಎದುರಿನ ಮನೆಯಲ್ಲಿ ಒಂದೊಂದೇ ದೀಪ ಆರಿಸುವ ರಾಧಾ (ಜಯಾ ಬಚ್ಚನ್): ಇಬ್ಬರ ನಡುವೆ ಒಂದು ಮಾತೂ ಇಲ್ಲ. ಸಂಜೆಯ ಅದೇ ಬೆಳಕು ಬೇಕೆಂದು ಈ ದೃಶ್ಯವನ್ನು ಹಲವು ದಿನ ಕಾದು ತೆಗೆದರು. ದೂರಿಗೆ ಗುರಿಯಾದ ಉದ್ದ ಕಾಲುಗಳೇ ಇಲ್ಲಿ ಒಂಟಿತನದ ಗುರುತಾಗಿವೆ. ಗೆಳೆಯನ ಮದುವೆ ಸಂಬಂಧ ಮಾತಾಡಲು ಹುಡುಗಿಯ ಮೌಸಿಯ ಬಳಿಗೆ ಹೋದಾಗಲೂ ಜೈ ಮುಖದ ಒಂದು ಗೆರೆ ಅಲುಗಾಡುವುದಿಲ್ಲ. ನಗುವುದೆಲ್ಲ ನೋಡುವವರ ಪಾಲು.

ನಾಯಕ ಎಷ್ಟು ಎತ್ತರ ಎಂಬುದು ಎದುರಾಳಿಯ ಎತ್ತರದಿಂದಲೂ ಗೊತ್ತಾಗುತ್ತದೆ. ಗಬ್ಬರ್ ಪಾತ್ರ ಮೊದಲು ಹೋಗಿದ್ದು ಡ್ಯಾನಿ ಡೆಂಜೊಂಗ್ಪಾಗೆ. ‘ಧರ್ಮಾತ್ಮಾ’ ಚಿತ್ರಕ್ಕಾಗಿ ಅವರು ಅಫ್ಘಾನಿಸ್ತಾನಕ್ಕೆ ಹೋಗಬೇಕಾಗಿ ಬಂತು, ಆ ಜಾಗಕ್ಕೆ ಹೆಚ್ಚು ಹೆಸರಿಲ್ಲದ ಅಮ್ಜದ್ ಖಾನ್ ಬಂದರು. ಅವರ ದನಿ ಗಬ್ಬರ್‌ಗೆ ಸಾಲದು, ಬೇರೆಯವರಿಂದ ಡಬ್ ಮಾಡಿಸೋಣ ಎಂಬ ಮಾತು ಕೂಡ ಎದ್ದಿತ್ತು. ಸಿಪ್ಪಿ ಅದೇ ದನಿ ಉಳಿಸಿಕೊಂಡರು. ಗಬ್ಬರ್ ಕಾಣಿಸಿಕೊಳ್ಳುವ ರೀತಿ ನೋಡಿ ಕಲಿಯಬೇಕಾದ್ದು: ಮೊದಲು ಬಂಡೆಯ ಮೇಲೆ ನಡೆಯುವ ಬೂಟು, ಕಲ್ಲಿಗೆ ಉಜ್ಜುವ ಬೆಲ್ಟು, ಮುಖ ಬರುವುದು ತಡವಾಗಿ. ಅಷ್ಟು ಹೊತ್ತು ನಡಿಗೆಯೊಂದೇ ಪಾತ್ರವನ್ನು ಕಟ್ಟುತ್ತದೆ.

ಹೊಂದದ ಪಾತ್ರ ಹೇಗಿರುತ್ತದೆ ಎಂಬುದಕ್ಕೂ ಉದಾಹರಣೆ ಹುಡುಕಲು ಈ ಸೀಮೆ ದಾಟಬೇಕಿಲ್ಲ. ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಮರಬಾರ್ ಗುಹೆಗಳ ಭಾಗಕ್ಕೆ ಮಾಗಡಿಯ ಸಾವನದುರ್ಗ ಮತ್ತು ರಾಮದೇವರಬೆಟ್ಟವನ್ನು ಬಳಸಿದರು. ಡಾಕ್ಟರ್ ಅಜೀಜ್ ಆಗಿ ಬಂಗಾಳದ ವಿಕ್ಟರ್ ಬ್ಯಾನರ್ಜಿ. ಅತಿಥಿಗಳನ್ನು ಮೆಚ್ಚಿಸುವ ತವಕ, ರೈಲಿನ ಹೊರಗೆ ಜೋತುಬಿದ್ದು ತೋರಿಸುವ ಮಕ್ಕಳಾಟ, ಆಪಾದನೆ ಬಂದಾಗ ಒಮ್ಮೆಲೇ ಕುಸಿಯುವ ಹೆಗಲು, ಕೊನೆಗೆ ಸೂಟು ಬಿಟ್ಟು ದೇಶೀ ಉಡುಪಿನಲ್ಲಿ ಬಿಗಿದುಕೊಂಡ ಮುಖ. ಒಬ್ಬನೇ ಮನುಷ್ಯನ ಚೆಲುವು ಮುಗ್ಧತೆಯಿಂದ ಸ್ವಾಭಿಮಾನಕ್ಕೆ ಬದಲಾಗುವುದನ್ನು ಅಲ್ಲಿ ಹೆಜ್ಜೆಹೆಜ್ಜೆಗೂ ಕಾಣಬಹುದು. ಅದೇ ಚಿತ್ರದಲ್ಲಿ ಬ್ರಾಹ್ಮಣ ಪ್ರೊಫೆಸರ್ ಗೋಡ್‌ಬೋಲೆಯಾಗಿ ಬ್ರಿಟನ್ನಿನ ಮಹಾನಟ ಅಲೆಕ್ ಗಿನ್ನೆಸ್ ಇದ್ದಾರೆ. ಪ್ರತಿಭೆಯಲ್ಲಿ ಬ್ಯಾನರ್ಜಿಗಿಂತ ಎಷ್ಟೋ ಹೆಸರಾದವರು. ಆದರೂ ಬಳಿದ ಬಣ್ಣ ಬಣ್ಣವಾಗಿಯೇ ಕಾಣುತ್ತದೆ, ಪೇಟ ಬೇರೆಯವರದನ್ನು ತಂದು ಇಟ್ಟಂತಿದೆ. ದೊಡ್ಡ ನಟನಾದರೂ ಸರಿ, ಸಲ್ಲದ ಪಾತ್ರ ಸಲ್ಲದು ಎಂದು ಕುರುಕ್ಷೇತ್ರ ನೋಡಿದ ಮಾಗಡಿಯ ಯಾವ ಅಜ್ಜನಾದರೂ ಹೇಳಿಯಾನು.

ಕನ್ನಡ ನಾಯಕರ ವಿಷಯದಲ್ಲಿ ಈ ಭಾಗದ ಕಿವಿ ಇನ್ನೂ ಚುರುಕು, ಏಕೆಂದರೆ ಇಲ್ಲಿ ಆಡುಮಾತು ಸುಳ್ಳು ಹೇಳಲು ಬಿಡುವುದಿಲ್ಲ. ಚನ್ನಪಟ್ಟಣದ ಪಕ್ಕದ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು ಅಂಬರೀಶ್. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದ ಜಲೀಲನಾಗಿ ಬಂದವರು, ಹಲವು ವರ್ಷ ಖಳ ಮತ್ತು ಪೋಷಕ ಪಾತ್ರಗಳಲ್ಲೇ ಹೆಚ್ಚಾಗಿ ಕಂಡರು. 1981ರಲ್ಲಿ ರಾಜೇಂದ್ರಸಿಂಗ್ ಬಾಬು ‘ಅಂತ’ದಲ್ಲಿ ಅವರಿಗೆ ಪೊಲೀಸ್ ಅಧಿಕಾರಿ ಸುಶೀಲ್ ಕುಮಾರ್ ಮತ್ತು ಪಾತಕಿ ಕನ್ವರ್‌ಲಾಲ್, ಎರಡನ್ನೂ ಕೊಟ್ಟರು. ಖಳನಾಗಿ ಗಳಿಸಿದ ಒರಟು, ಅಸಡ್ಡೆ, ಓರೆ ನೋಟ ಎಲ್ಲವೂ ಅಲ್ಲಿ ನಾಯಕನ ಬಂಡವಾಳವಾಯಿತು. ಅಧಿಕಾರಿ ನಿಲ್ಲುವ ಬಗೆಯನ್ನೂ ಪಾತಕಿ ನಿಲ್ಲುವ ಬಗೆಯನ್ನೂ ಹೋಲಿಸಿ ನೋಡುವುದು ಹೊಸಬರಿಗೆ ಒಳ್ಳೆಯ ಅಭ್ಯಾಸ.

ಆ ‘ನಾಗರಹಾವು’ ಚಿತ್ರದಲ್ಲೇ ವಿಷ್ಣುವರ್ಧನ್ ಕೂಡ ಇದ್ದರು. ರಾಮಾಚಾರಿಗೆ ಬೇಕಾದ್ದು ಒಳಗೆ ಕುದಿಯುವ ಹುಡುಗ. ಪುಟ್ಟಣ್ಣ ಆ ಕುದಿತವನ್ನು ಇಪ್ಪತ್ತು ದಾಟಿದ ಯುವಕನ ಕಣ್ಣುಗಳಲ್ಲಿ ಕಂಡರು. ಊರಿನವರ ಮುಂದೆ ಎದೆ ಉಬ್ಬಿಸುವ ರಾಮಾಚಾರಿ, ಚಾಮಯ್ಯ ಮೇಷ್ಟ್ರ (ಕೆ.ಎಸ್. ಅಶ್ವಥ್) ಮುಂದೆ ಮಗುವಾಗುತ್ತಾನೆ. ನಟ ತಾನು ಮಾತಾಡುವಾಗ ಹೇಗಿದ್ದಾನೆ ಎನ್ನುವುದಕ್ಕಿಂತ ಎದುರಿನವರ ಮಾತು ಕೇಳುವಾಗ ಹೇಗಿದ್ದಾನೆ ಎಂದು ನೋಡುವುದು ಹೆಚ್ಚು ಫಲ ಕೊಡುತ್ತದೆ. ಒಳ್ಳೆಯ ನಾಯಕರೆಲ್ಲ ಒಳ್ಳೆಯ ಕೇಳುಗರು.

ರಾಜ್‌ಕುಮಾರ್ ಅವರದು ಬೇರೆಯೇ ಅಧ್ಯಾಯ. ಕಂಪನಿ ನಾಟಕದಿಂದ ಬಂದ ಅವರಿಗೆ 1954ರ ‘ಬೇಡರ ಕಣ್ಣಪ್ಪ’ನ ಬೇಡನೂ ಒಪ್ಪಿದ, ರಾಜನೂ ಒಪ್ಪಿದ, ಪಂಚೆಯುಟ್ಟ ರೈತನೂ ಒಪ್ಪಿದ. ಹೊಸಬರು ‘ಕಸ್ತೂರಿ ನಿವಾಸ’ದಿಂದ (1971) ಆರಂಭಿಸಲಿ. ಮೊದಲು ಶಿವಾಜಿ ಗಣೇಶನ್ ಅವರಿಗೆಂದು ಹೆಣೆದ ಕಥೆ ಅದು, ದೊರೈ–ಭಗವಾನ್ ಕೈಗೆ ಬಂತು. ಕೊಡುಗೈ ದೊರೆಯೊಬ್ಬ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಮನೆ, ಬಟ್ಟೆ, ಊಟ ಬದಲಾಗುತ್ತ ಹೋದರೂ ರಾಜ್‌ಕುಮಾರ್ ಬೆನ್ನು ಬಾಗಿಸುವುದಿಲ್ಲ. ಕೊಡುವವನ ಗತ್ತು ಬಡತನದಲ್ಲೂ ಹಾಗೇ ನಿಂತಿದೆ. ನೋವನ್ನು ಎತ್ತರದ ದನಿಗೆ ಒಯ್ಯದೆ ಅವರು ಹಿಡಿದಿಟ್ಟುಕೊಳ್ಳುವ ಸಂಯಮ ಆ ಚಿತ್ರದ ಜೀವ. 2014ರಲ್ಲಿ ಬಣ್ಣ ತುಂಬಿಸಿ ಮತ್ತೆ ಬಿಡುಗಡೆ ಮಾಡಿದರು. ಈ ಕಪ್ಪು-ಬಿಳುಪಿನ ಮುಖಕ್ಕೆ ಬಣ್ಣದ ಅಗತ್ಯವೇ ಇರಲಿಲ್ಲ.

ಇನ್ನೊಂದು ತುದಿಯಲ್ಲಿ ‘ತಿಥಿ’ ಇದೆ. ರಾಮ್ ರೆಡ್ಡಿ ನಿರ್ದೇಶನದ ಈ ಚಿತ್ರ ಮಂಡ್ಯ ಕಡೆಯ ಹಳ್ಳಿಯವರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಗಡ್ಡ ಬಿಟ್ಟುಕೊಂಡು ಸುಮ್ಮನೆ ಊರೂರು ಅಲೆಯುವ ಗಡ್ಡಪ್ಪನ ಮೇಲಿಂದ ಕಣ್ಣು ಕೀಳಲಾಗುವುದಿಲ್ಲ. ನಾಯಕನಿಗೆ ಬೇಕೆಂದು ಹೇಳುವ ಯಾವ ಲಕ್ಷಣವೂ ಆತನಲ್ಲಿಲ್ಲ, ಆದರೆ ಮಾತೂ ನಡಿಗೆಯೂ ಆ ಮಣ್ಣಿನವೇ.

ಇಷ್ಟು ನೋಡಿದವರಿಗೆ ಒಂದು ಪರೀಕ್ಷೆ ಉಳಿದಿದೆ. 2011ರ ‘ಕೆಂಪೇಗೌಡ’ದಲ್ಲಿ ಸುದೀಪ್ ಆ ಹೆಸರಿನ ಪೊಲೀಸ್ ಅಧಿಕಾರಿಯಾದರು, ತಮಿಳಿನ ‘ಸಿಂಗಂ’ ಕಥೆಯಾದರೂ ಅವರ ನಿಲುವು, ಗಡಸು ದನಿ ಹೆಸರಿನ ತೂಕಕ್ಕೆ ಸಾಲುವಂತಿದ್ದವು. ಇತಿಹಾಸದ ಕೆಂಪೇಗೌಡರ ಪಾತ್ರಕ್ಕೆ ಅಷ್ಟೇ ಸಾಲದು. ನಗರ ಕಟ್ಟಿದ, ಕೆರೆ ತೋಡಿಸಿದ ಮನುಷ್ಯ. ತನ್ನದೇ ನಾಣ್ಯ ಹೊರಡಿಸಿದ್ದಕ್ಕಾಗಿ ವಿಜಯನಗರದ ಸೆರೆಯಲ್ಲಿ ಕಾಲ ಕಳೆದವನೆಂದೂ ಪ್ರತೀತಿ. ಕುದುರೆ ಏರಿ ಕತ್ತಿ ಬೀಸುವ ನಟರು ಬೇಕಾದಷ್ಟು ಸಿಗುತ್ತಾರೆ. ಆ ಸೆರೆಮನೆಯ ಭಾಗದಲ್ಲಿ ಕತ್ತಿಯಿಲ್ಲದೆ, ಕುದುರೆಯಿಲ್ಲದೆ, ಸಂಜೀವ್ ಕುಮಾರ್ ಕೈಯಿಲ್ಲದೆ ನಿಂತಂತೆ ನಿಲ್ಲಬಲ್ಲವರು ಯಾರು? ಕನ್ನಡದ ಇಂದಿನ ನಾಯಕರಲ್ಲಿ ಒಬ್ಬೊಬ್ಬರನ್ನೇ ಆ ಕತ್ತಲೆ ಕೋಣೆಯಲ್ಲಿ ಕೂರಿಸಿ ನೋಡಬೇಕು. ಆಗ ಪಟ್ಟಿ ಬೇಗ ಚಿಕ್ಕದಾಗುತ್ತದೆ.