ಹೊಲದ ಬದುವಿನ ಮಾರ್ಸ್

ರೋಮಿನ ದೇವತೆಗಳೆಲ್ಲ ಗ್ರೀಸಿನಿಂದ ಎರವಲು ಬಂದವರು, ಅವರಲ್ಲಿ ಲ್ಯಾಟಿನ್ ಎನ್ನಬಹುದಾದದ್ದು ಹೆಸರೊಂದೇ ಎಂಬ ತೀರ್ಪು ಶಾಲೆಯ ಪುಸ್ತಕದಿಂದ ವಿಶ್ವಕೋಶದವರೆಗೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಅದನ್ನು ಸಮರ್ಥಿಸಬೇಕೆಂದು ಕೂಡ ಯಾರಿಗೂ ಅನ್ನಿಸುವುದಿಲ್ಲ. ಒಂದು ಅಂಕಣದಲ್ಲಿ ಜ್ಯೂಸ್, ಹೀರಾ, ಆರೆಸ್, ಅಫ್ರೊಡೈಟಿ, ಎದುರಿನ ಅಂಕಣದಲ್ಲಿ ಜುಪಿಟರ್, ಜೂನೊ, ಮಾರ್ಸ್, ವೀನಸ್ ಎಂದು ಬರೆದು ಗೆರೆ ಎಳೆದರೆ, ಒಂದು ನಾಡು ಸಾವಿರ ವರ್ಷ ನಡೆಸಿದ ಹರಕೆ, ಬಲಿ, ಹಬ್ಬಗಳ ಲೆಕ್ಕವೆಲ್ಲ ಮುಗಿಯಿತೆಂದು ಭಾವಿಸಲಾಗುತ್ತದೆ. ಪಟ್ಟಿಯ ಕೆಲವು ಸಾಲುಗಳು ನಿಜ. ಅಪೊಲೊ ಗ್ರೀಸಿನಿಂದ ಹೆಸರು ಸಮೇತ ಬಂದವನು. ಆದರೆ ಜ್ಯೂಸ್ ಮತ್ತು ಜುಪಿಟರರ ನಡುವೆ ಇರುವುದು ಸಾಲದ ಸಂಬಂಧವಲ್ಲ, ರಕ್ತಸಂಬಂಧ; ಋಗ್ವೇದದ ದ್ಯೌಷ್ಪಿತಾ, ಎಂದರೆ ಆಕಾಶವೆಂಬ ತಂದೆ, ಯಾವ ಮೂಲದಿಂದ ಬಂದನೋ ಆ ಮೂಲದಿಂದಲೇ ಇವರಿಬ್ಬರೂ ಬೇರೆಬೇರೆಯಾಗಿ ಇಳಿದುಬಂದವರು. ಇನ್ನು ಮಾರ್ಸ್‌ನನ್ನು ಆರೆಸ್‌ನ ಎದುರು ಕೂರಿಸಿರುವ ಸಾಲಂತೂ ದೊಡ್ಡ ಅನ್ಯಾಯ. ಇಡೀ ತೀರ್ಪಿನ ದೋಷ ಬಯಲಾಗುವುದು ಅಲ್ಲಿಯೇ.

ಹೋಮರನ ಆರೆಸ್ ಎಂಥವನೆಂಬುದನ್ನು ಇಲಿಯಡ್ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಅಥೀನಾಳ ನೆರವು ಪಡೆದ ಡಯೊಮಿಡೀಸ್ ಎಂಬ ಮನುಷ್ಯ ಅವನ ಹೊಟ್ಟೆಗೆ ಈಟಿ ತಿವಿಯುತ್ತಾನೆ. ಒಂಬತ್ತು ಹತ್ತು ಸಾವಿರ ಯೋಧರು ಒಟ್ಟಿಗೆ ಕೂಗಿದಂತೆ ಅರಚಿ, ಒಲಿಂಪಸ್ಸಿಗೆ ಓಡಿ, ತಂದೆಗೆ ಗಾಯ ತೋರಿಸಿ ದೂರು ಹೇಳಿಕೊಂಡಾಗ, ದೇವತೆಗಳಲ್ಲೆಲ್ಲ ತನಗೆ ಅತ್ಯಂತ ಬೇಡವಾದವನು ಅವನೇ ಎಂದು ಜ್ಯೂಸ್ ಅವನ ಮುಖಕ್ಕೇ ಹೇಳುತ್ತಾನೆ. ಒಡಿಸ್ಸಿಯಲ್ಲಿ ಅವನು ಅಫ್ರೊಡೈಟಿಯೊಡನೆ ಅವಳ ಗಂಡ ಹೆಣೆದ ಬಲೆಗೆ ಸಿಕ್ಕಿ ಉಳಿದ ದೇವತೆಗಳ ನಗೆಗೆ ಈಡಾಗುತ್ತಾನೆ. ಗ್ರೀಕ್ ನಗರಗಳು ಅವನಿಗೆ ಅಂಜಿದವು, ಪ್ರೀತಿಸಲಿಲ್ಲ. ಅವನಿಗೆಂದು ದೊಡ್ಡ ಗುಡಿ ಕಟ್ಟಿದ್ದು ಅಪರೂಪ.

ಮಾರ್ಸ್‌ನನ್ನು ಹುಡುಕಬೇಕಾದ ಜಾಗವೇ ಬೇರೆ. ಕ್ರಿ.ಪೂ. 160ರ ಸುಮಾರಿಗೆ ರೋಮಿನ ಮುತ್ಸದ್ದಿ ಕೇಟೊ ಬರೆದ ಕೃಷಿಗ್ರಂಥ ಲ್ಯಾಟಿನ್ ಗದ್ಯದಲ್ಲಿ ಪೂರ್ಣವಾಗಿ ಉಳಿದುಬಂದಿರುವ ಅತ್ಯಂತ ಹಳೆಯ ಕೃತಿ; ದ್ರಾಕ್ಷಿ, ಆಲಿವ್, ಎಲೆಕೋಸು, ಗೊಬ್ಬರಗಳ ಮಾತಿನ ನಡುವೆ, ಅದರ 141ನೆಯ ವಿಭಾಗದಲ್ಲಿ, ಹೊಲವನ್ನು ಶುದ್ಧಿ ಮಾಡುವ ವಿಧಿಯೊಂದು ಬರುತ್ತದೆ. ಅದಕ್ಕೆ ಸುಒವೆಟೌರಿಲಿಯ ಎಂದು ಹೆಸರು. ಹಂದಿ, ಕುರಿ, ಹೋರಿಗಳಿಗಿರುವ ಮೂರು ಲ್ಯಾಟಿನ್ ಪದಗಳನ್ನು ಕೂಡಿಸಿ ಮಾಡಿದ ಮಾತು ಅದು. ಹಾಲು ಬಿಡದ ಹಂದಿಮರಿ, ಕುರಿಮರಿ, ಕರುಗಳನ್ನು ಜಮೀನಿನ ಸುತ್ತ ನಡೆಸಿ, ಜೇನಸ್ ಮತ್ತು ಜುಪಿಟರರಿಗೆ ಮೊದಲು ದ್ರಾಕ್ಷಾರಸ ಅರ್ಪಿಸಿ, ಆಮೇಲೆ ಮನೆಯ ಯಜಮಾನ ಮಾರ್ಸ್‌ನನ್ನು ತಂದೆಯೆಂದು ಕರೆದು ಬೇಡಿಕೊಳ್ಳಬೇಕು. ಬೇಡುವುದು ಕಣ್ಣಿಗೆ ಕಾಣುವ ಮತ್ತು ಕಾಣದ ರೋಗಗಳನ್ನು, ಬರಡುತನವನ್ನು, ಕೆಟ್ಟ ಹವೆಯನ್ನು ದೂರ ಇಡೆಂದು. ಧಾನ್ಯ, ದ್ರಾಕ್ಷಿಬಳ್ಳಿ, ಗಿಡಗಂಟಿಗಳು ಚೆನ್ನಾಗಿ ಬೆಳೆಯಲೆಂದು. ಕುರುಬರೂ ಅವರ ಹಿಂಡುಗಳೂ ಕ್ಷೇಮವಾಗಿರಲೆಂದು. ತನಗೆ, ಮನೆಗೆ, ಆಳುಕಾಳುಗಳಿಗೆ ಆರೋಗ್ಯ ಕೊಡೆಂದು. ಇಡೀ ಪ್ರಾರ್ಥನೆಯಲ್ಲಿ ಒಬ್ಬ ಶತ್ರುವಿನ ಹೆಸರಿಲ್ಲ, ಒಂದು ಕತ್ತಿಯಿಲ್ಲ, ಒಂದು ಕಥೆಯಿಲ್ಲ. ಬಲಿ ಒಪ್ಪಿಗೆಯಾಗಲಿಲ್ಲವೆಂದು ಲಕ್ಷಣ ಕಂಡರೆ, ಯಾವುದು ಒಪ್ಪಿಗೆಯಾಗಲಿಲ್ಲವೋ ಅದಕ್ಕೆ ಪ್ರಾಯಶ್ಚಿತ್ತವೆಂದು ಹೇಳಿ ಮತ್ತೆ ಬಲಿ ಕೊಡಬೇಕೆಂಬ ಸೂಚನೆಯೂ ಅಲ್ಲಿದೆ. ಈ ವಿಭಾಗವನ್ನು ಒಮ್ಮೆ ಮನಸ್ಸಿಟ್ಟು ಓದಿದವರು ಮಾರ್ಸ್‌ನನ್ನು ಆರೆಸ್‌ನ ಪ್ರತಿರೂಪವೆಂದು ಮತ್ತೆ ಕರೆಯಲಾರರು.

ರೋಮಿನ ಹಳೆಯ ವರ್ಷ ಮಾರ್ಸ್‌ನ ತಿಂಗಳಿನಿಂದಲೇ ಆರಂಭವಾಗುತ್ತಿತ್ತು. ಏಳನೆಯದೆಂಬ ಅರ್ಥದ ಸೆಪ್ಟೆಂಬರ್ ಇಂದು ಒಂಬತ್ತನೆಯದಾಗಿರುವುದು ಆ ಎಣಿಕೆಯ ಕುರುಹು, ಮತ್ತು ಕನ್ನಡಿಗರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿಯೂ ಆ ದೇವರು ಮಾರ್ಚ್ ಎಂಬ ಹೆಸರಿನಲ್ಲಿ ಉಳಿದಿದ್ದಾನೆ. ಹೊಲಗಳ ಫಲಕ್ಕಾಗಿ ಪೂಜೆ ನಡೆಸುತ್ತಿದ್ದ, ಆರ್ವಾಲ್ ಸಹೋದರರೆಂಬ ಹನ್ನೆರಡು ಪುರೋಹಿತರ ಮಂಡಳಿಯ ಹಾಡೊಂದು ಕ್ರಿ.ಶ. 218ರ ಶಾಸನದಲ್ಲಿ ಸಿಕ್ಕಿದೆ. ಬಾಗಿಲು ಮುಚ್ಚಿಕೊಂಡು, ನಿಲುವಂಗಿ ಎತ್ತಿ ಕಟ್ಟಿ, ಕೈಯಲ್ಲಿ ಪುಸ್ತಿಕೆ ಹಿಡಿದು, ಮೂರು ಹೆಜ್ಜೆಯ ಕುಣಿತದೊಡನೆ ಅವರು ಆ ಹಾಡಿನ ಸಾಲುಗಳನ್ನು ಮೂರು ಮೂರು ಸಲ ಹೇಳುತ್ತಿದ್ದರು. ಅದರ ಲ್ಯಾಟಿನ್ ಆ ಹೊತ್ತಿಗೆ ಅವರದೇ ಕಿವಿಗೆ ಅಪರಿಚಿತವಾಗುವಷ್ಟು ಹಳತಾಗಿತ್ತು. ಆ ಹಾಡು ಮುಖ್ಯವಾಗಿ ಕರೆಯುವುದು ಮಾರ್ಸ್‌ನನ್ನೇ.

ಮಾರ್ಸ್ ಬೇಸಾಯದ ದೇವರೇನೂ ಅಲ್ಲ, ಹೊಲದ ಗಡಿಯಲ್ಲಿ ನಿಂತಾಗಲೂ ಅವನು ಕಾವಲಿನ ಯೋಧನೇ ಎಂದು ಫ್ರೆಂಚ್ ವಿದ್ವಾಂಸ ಜಾರ್ಜ್ ದ್ಯುಮೆಜಿಲ್ ಬಲವಾಗಿ ವಾದಿಸಿದ್ದಾನೆ. ಅವನ ವಾದವನ್ನು ಪೂರ್ತಿಯಾಗಿ ಒಪ್ಪಿಕೊಂಡರೂ ಮಾರ್ಸ್‌ಗೆ ನಷ್ಟವಿಲ್ಲ, ಏಕೆಂದರೆ ಬದುವಿನ ಮೇಲೆ ನಿಂತು ಪೈರು ಕಾಯುವ ಯೋಧನಿಗೂ ಕೊಲೆಯಲ್ಲೇ ಸುಖ ಕಾಣುವ ಆರೆಸ್‌ನಿಗೂ ಯಾವ ಹೋಲಿಕೆಯೂ ಇಲ್ಲ. ರೋಮ್ ತನ್ನ ಸ್ಥಾಪಕನಾದ ರೊಮ್ಯುಲಸ್‌ನ ತಂದೆಯೆಂದು ಆರಿಸಿಕೊಂಡದ್ದು ಈ ಕಾವಲುಗಾರನನ್ನು.

ಗ್ರೀಕ್ ಬಣ್ಣ ಬಳಿಯುವ ಕೆಲಸ ನಡೆದದ್ದು ಯಾವಾಗ ಎಂಬುದಕ್ಕೆ ದಾಖಲೆಯಿದೆ. ಕ್ರಿ.ಪೂ. 217ರಲ್ಲಿ ಟ್ರಾಸಿಮೆನ್ ಸರೋವರದ ಬಳಿ ಕಾರ್ಥೇಜಿನ ಸೇನಾನಿ ಹ್ಯಾನಿಬಲ್‌ನಿಂದ ಸೋತು ಕಂಗೆಟ್ಟ ರೋಮ್, ದೇವತೆಗಳ ಮೂರ್ತಿಗಳನ್ನು ಮಂಚಗಳ ಮೇಲೆ ಒರಗಿಸಿ ಊಟ ಬಡಿಸುವ ಲೆಕ್ಟಿಸ್ಟರ್ನಿಯಂ ಎಂಬ ಸೇವೆಯನ್ನು ನಡೆಸಿತು. ಹನ್ನೆರಡು ದೇವತೆಗಳನ್ನು ಜೋಡಿಜೋಡಿಯಾಗಿ ಕೂರಿಸಿದ ಅಂದಿನ ಪಂಕ್ತಿಯಲ್ಲಿ ಮಾರ್ಸ್‌ನ ಪಕ್ಕಕ್ಕೆ ವೀನಸ್ ಬಂದಳೆಂದು ರೋಮನ್ ಇತಿಹಾಸಕಾರ ಲಿವಿ ಬರೆಯುತ್ತಾನೆ. ಅದು ಭಯದ ಹೊತ್ತಿನಲ್ಲಿ ಮಾಡಿದ ಜೋಡಣೆ. ಅದನ್ನು ಸರಸದ ಕಥೆಯಾಗಿ ಲ್ಯಾಟಿನ್ನಿನಲ್ಲಿ ಹರಡಿದವರಲ್ಲಿ ಕವಿ ಓವಿಡ್ ಮುಂಚೂಣಿಯವನು. ಅವನ ಪದ್ಯದ ಬೆಡಗು ದೊಡ್ಡದು, ಅವನು ಮಾರ್ಸ್‌ಗೆ ಮಾಡಿದ ಹಾನಿ ಅದಕ್ಕಿಂತ ದೊಡ್ಡದು. ಯುರೋಪು ಕೇಟೊನನ್ನು ಕಪಾಟಿನಲ್ಲಿಟ್ಟು ಓವಿಡನನ್ನು ಬಾಯಿಪಾಠ ಮಾಡಿತು, ಮತ್ತು ರೋಮಿನ ದೇವರುಗಳೆಂದರೆ ಓವಿಡ್ ಹೇಳಿದ ಕಥೆಗಳೆಂದು ನಂಬಿತು.

ಈ ನಂಬಿಕೆಯ ಬೇರು ರುಚಿಯಲ್ಲಿದೆ. ಕಥೆಯಿದ್ದರೆ ದೇವರು, ಶಿಲ್ಪವಿದ್ದರೆ ಧರ್ಮ ಎಂಬ ಅಳತೆಗೋಲು ಹದಿನೆಂಟನೆಯ ಶತಮಾನದ ಜರ್ಮನಿಯಲ್ಲಿ ಗಟ್ಟಿಗೊಂಡಿತು. ಪ್ರಾಚೀನ ಕಲೆಯ ಇತಿಹಾಸವನ್ನು 1764ರಲ್ಲಿ ಪ್ರಕಟಿಸಿದ ವಿಂಕೆಲ್‌ಮನ್ ಗ್ರೀಸನ್ನು ಶಿಖರಕ್ಕೇರಿಸಿದ, ಆದರೆ ಗ್ರೀಸಿನ ನೆಲವನ್ನು ಅವನು ಒಮ್ಮೆಯೂ ಮೆಟ್ಟಿರಲಿಲ್ಲ. ಅವನು ಕಣ್ತುಂಬ ನೋಡಿ ಹೊಗಳಿದ ಅಪೊಲೊ ವ್ಯಾಟಿಕನ್ನಿನಲ್ಲಿದ್ದ, ರೋಮನ್ ಕಾಲದಲ್ಲಿ ಕಡೆದ ಅಮೃತಶಿಲೆಯ ಮೂರ್ತಿ. ಮುಂದೆ ತತ್ವಜ್ಞಾನಿ ಹೆಗೆಲ್ ತನ್ನ ಉಪನ್ಯಾಸಗಳಲ್ಲಿ ರೋಮನ್ ಧರ್ಮವನ್ನು ಪ್ರಯೋಜನದೃಷ್ಟಿಯ ಧರ್ಮವೆಂದು ಕರೆದು ಹೀಗಳೆದ. ಮಳೆ, ಬೆಳೆ, ಮಕ್ಕಳ ಆರೋಗ್ಯಗಳಿಗಾಗಿ ದೇವರ ಮುಂದೆ ನಿಲ್ಲುವುದನ್ನು ಕೀಳೆಂದು ಬಗೆಯುವವನಿಗೆ ದೇವರ ಮುಂದೆ ನಿಂತ ಬಹುಪಾಲು ಮನುಷ್ಯರು ಅರ್ಥವಾಗಲಾರರು. ಅಚ್ಚರಿಯೆಂದರೆ, ಕ್ರಿ.ಪೂ. ಒಂದನೆಯ ಶತಮಾನದ ಕೊನೆಗೆ ರೋಮಿನಲ್ಲಿ ನೆಲೆಸಿದ್ದ ಹಾಲಿಕಾರ್ನಾಸಸ್‌ನ ಡಯೊನೀಸಿಯಸ್ ಎಂಬ ಗ್ರೀಕನಿಗೆ ಇದು ಅರ್ಥವಾಗಿತ್ತು: ತಂದೆಯನ್ನು ಊನಗೊಳಿಸುವ, ಮಕ್ಕಳನ್ನು ನುಂಗುವ ದೇವತೆಗಳ ಕಥೆಗಳನ್ನು ರೊಮ್ಯುಲಸ್ ತನ್ನ ಊರಿಗೆ ಸೇರಿಸಲಿಲ್ಲವೆಂದು ಅವನು ಮನಸಾರೆ ಮೆಚ್ಚಿ ಬರೆದಿದ್ದಾನೆ. ರೋಮಿನ ಬಡತನವೆಂದು ಪಂಡಿತರು ಎಣಿಸಿದ್ದು ಆ ಗ್ರೀಕನಿಗೆ ಘನತೆಯಾಗಿ ಕಂಡಿತ್ತು.

ಸಾಲದ ಲೆಕ್ಕವನ್ನೇ ಮಾಡುವುದಾದರೆ ಅಥೆನ್ಸಿನ ಅಗೋರಾ, ಎಂದರೆ ಊರ ನಡುವಿನ ಸಭೆ ಮತ್ತು ಸಂತೆಯ ಬಯಲು, ಒಂದು ಸಾಕ್ಷಿ ಇಟ್ಟುಕೊಂಡಿದೆ. ಅಲ್ಲಿ ಆರೆಸ್‌ನದೆಂದು ಗುರುತಿಸಲಾಗಿರುವ ಗುಡಿ ಕ್ರಿ.ಪೂ. ಐದನೆಯ ಶತಮಾನದ್ದು, ಆದರೆ ಮೊದಲು ಅದು ಅಲ್ಲಿರಲಿಲ್ಲ. ಮಾರ್ಸ್‌ಗೆ ರೋಮಿನಲ್ಲಿ ಕ್ರಿ.ಪೂ. 2ರಲ್ಲಿ ಮಹಾಮಂದಿರವನ್ನು ಅರ್ಪಿಸಿದ ಆಗಸ್ಟಸ್‌ನ ಕಾಲದಲ್ಲಿ, ಬೇರೊಂದು ಊರಿನಲ್ಲಿದ್ದ ಆ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ತಪ್ಪದಂತೆ ಕಲ್ಲುಗಳ ಮೇಲೆ ಗುರುತಿನ ಅಕ್ಷರ ಕೆತ್ತಿ, ಅಥೆನ್ಸಿಗೆ ತಂದು ಮತ್ತೆ ಜೋಡಿಸಲಾಯಿತು.