ಕರಿಕಲ್ಲಿನ ಗೋಡೆ ಹಾಗೇ ಇರಲಿ

ಕೊಳ್ಳೇಗಾಲದಿಂದ ಹನೂರಿನ ಕಡೆ ಹೋಗುವಾಗ, ರಸ್ತೆಯಿಂದ ತುಸು ಒಳಗೆ, ಕೆಲಸ ನಿಂತು ವರ್ಷಗಳಾದ ಒಂದು ಕರಿಕಲ್ಲು ಕ್ವಾರಿಯಿದೆ. ಈಗ ಅದನ್ನು ಸರಿಪಡಿಸುತ್ತಿದ್ದಾರೆ. ಅಂಚಿಗೆ ಮಣ್ಣಿನ ಬದು ಬಿದ್ದಿದೆ, ಬದುವಿನ ಮೇಲೆ ಹೊಂಗೆ, ಬೇವಿನ ಸಸಿಗಳು ಮೊಣಕಾಲೆತ್ತರ ಬಂದಿವೆ. ಕಳೆದ ಭಾನುವಾರ ಬೆಳಗಿನ ಜಾವ, ಮಳೆ ನಿಂತ ಮೇಲೆ, ನಾನು ಅಲ್ಲಿದ್ದೆ.

ಹಳೆಯ ಬಂಡೆಯ ಬಿರುಕಿನೊಳಗೆ ಕರಗಿದ ಶಿಲೆ ನುಗ್ಗಿ, ತಣಿದು ಗಟ್ಟಿಯಾದ ಪಟ್ಟೆಯೇ ನಮ್ಮ ಕರಿಕಲ್ಲು. ಆ ಪಟ್ಟೆಯನ್ನೇ ಹಿಡಿದು ಅಗೆಯುವುದರಿಂದ ಕ್ವಾರಿಯ ಅಗಲ ಕಡಿಮೆ, ಉದ್ದ ಮತ್ತು ಆಳ ಹೆಚ್ಚು, ಗೋಡೆಗಳು ನೆಟ್ಟಗೆ. ಗೋಡೆಯ ಮೈಮೇಲೆ ಡ್ರಿಲ್ ಇಳಿದ ಗುರುತುಗಳು ಸಾಲುಸಾಲಾಗಿವೆ. ತಳದಲ್ಲಿ ನಿಂತ ಮಳೆನೀರಿನಲ್ಲಿ ಗುಳುಮುಳುಕದ ಜೋಡಿಯೊಂದು ಮುಳುಗುತ್ತ ಏಳುತ್ತ ಇತ್ತು.

ಪೂರ್ವದ ಗೋಡೆಯ ನಡುಮಟ್ಟದಲ್ಲಿ ಕಲ್ಲು ಚಾಚಿಕೊಂಡಿದೆ. ಅದರ ಕೆಳಗೆ ಬಿಳಿ ಹಿಕ್ಕೆ ಸುರಿದಿತ್ತು. ಬುಡದಲ್ಲಿ ಹುಡುಕಿದರೆ ಹೆಬ್ಬೆರಳು ಗಾತ್ರದ ಬೂದು ಉಂಡೆ. ಕಡ್ಡಿಯಿಂದ ಬಿಡಿಸಿದೆ: ಕೂದಲಿನ ಗಂಟಿನೊಳಗೆ ಇಲಿಯ ದವಡೆ, ಅದರ ಬಾಗಿದ ಹಳದಿ ಹಲ್ಲು ಇನ್ನೂ ಮಿರುಗುತ್ತಿತ್ತು. ಕೊಂಬಿನ ಗೂಬೆ ನುಂಗಿ, ಅರಗದ್ದನ್ನು ಕಕ್ಕಿದ ಉಂಡೆ ಅದು. ಸುತ್ತಲ ಹೊಲಗಳ ಇಲಿಗಳನ್ನು ರಾತ್ರಿಯಿಡೀ ಹಿಡಿಯುವ ಈ ಹಕ್ಕಿ ಗೂಡು ಕಟ್ಟುವುದಿಲ್ಲ, ಇಂಥ ಚಾಚಿನ ಬರಿನೆಲದಲ್ಲೇ ಮೊಟ್ಟೆಯಿಡುತ್ತದೆ.

ಕ್ವಾರಿ ಒಳ್ಳೆಯದು ಮಾಡಿತು ಎನ್ನುತ್ತಿಲ್ಲ. ಹಳದಿಗಂಟಲಿನ ಪಿಕಳಾರವನ್ನು ಕೇಳಿ. 1845ರಲ್ಲಿ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ಲೋಕಕ್ಕೆ ಪರಿಚಯಿಸಿದ ಈ ಹಕ್ಕಿ ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಬಂಡೆಗುಡ್ಡದ ಕುರುಚಲೇ ಅದರ ಮನೆ, ಕಲ್ಲು ಒಡೆದಲ್ಲೆಲ್ಲ ಆ ಮನೆ ಹೋಗಿದೆ. ಅಳಿವಿನಂಚಿನತ್ತ ಸಾಗಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಆವತ್ತು ಒಂದೇ ಒಂದು, ಯಾರೂ ಮುಟ್ಟದ ಎದುರಿನ ಗುಡ್ಡದ ಕಾರೆಗಿಡದಲ್ಲಿ, ಎರಡು ನಿಮಿಷ ಕಂಡಿತು.

ಅದಕ್ಕೇ ಹೇಳುವುದು: ಗುಂಡಿಗೆಲ್ಲ ಮಣ್ಣು ತುಂಬಿ ಸಾಲಾಗಿ ಸಸಿ ನೆಟ್ಟರೆ ಗುಡ್ಡ ಮರಳಿ ಬರುವುದಿಲ್ಲ. ಇಲ್ಲಿದ್ದದ್ದು ತೋಪಲ್ಲ, ಕಾರೆ, ತಂಗಡಿ, ಬಂದರೆಯ ಗಿಡಗಳು, ನಡುವೆ ಬಿಸಿಲಿಗೆ ಕಾದ ಬರಿಬಂಡೆ. ಬದುವಿಗೆ ಆ ಗಿಡಗಳ ಬೀಜವನ್ನೇ ಚೆಲ್ಲಲಿ. ಲಾಂಟಾನ ನುಗ್ಗಿದರೆ ಎಳೆಯದಿರುವಾಗಲೇ ಕೀಳಲಿ. ಪೂರ್ವದ ಗೋಡೆಯನ್ನೂ ವೇಸ್ಟ್ ಕಲ್ಲಿನ ರಾಶಿಯನ್ನೂ ಮಾತ್ರ ಮುಟ್ಟದಿರಲಿ. ಆ ರಾಶಿಯ ಸಂದಿಗಳಲ್ಲಿ ಚಿಟ್ಟುಮಡಿವಾಳ ಬಾಲ ಎತ್ತಿ ಓಡಾಡುತ್ತಿದೆ.

ಪಕ್ಷಿತಜ್ಞ ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಪಕ್ಕದ ಯಳಂದೂರು ಸಂಸ್ಥಾನದೊಳಗಿತ್ತು, ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈಗ ಎರಡೂ ಒಂದೇ ಜಿಲ್ಲೆ. ಆಗ ಸಂಸ್ಥಾನದ ಹೊರಗಿದ್ದ ಈ ಕಡೆಯ ಹಕ್ಕಿಗಳ ಲೆಕ್ಕವನ್ನು ನಾವೇ ಇಡಬೇಕು: ಕಂಡದ್ದನ್ನು ದಿನಾಂಕ ಹಾಕಿ ಬರೆದಿಡಿ.

ಗೂಬೆ ನೋಡುವ ಆಸೆಯಿದ್ದವರು ನವೆಂಬರಿನಿಂದ ಏಪ್ರಿಲ್‌ವರೆಗೆ, ಮರಿ ಮಾಡುವ ಕಾಲದಲ್ಲಿ, ಗೋಡೆಯ ಹತ್ತಿರ ಸುಳಿಯಬೇಡಿ. ಎದುರು ದಂಡೆಯಲ್ಲಿ ಕೂತು ಕಾಯಿರಿ. ಬಿಳಿಗಿರಿ ಬೆಟ್ಟಗಳ ಬೆನ್ನಿಗೆ ಸೂರ್ಯ ಇಳಿದ ಸ್ವಲ್ಪ ಹೊತ್ತಿಗೆ, ಗೋಡೆಯ ಒಳಗಿನಿಂದಲೇ ಬಂತೇನೋ ಎನ್ನುವಂತೆ ಒಂದು ‘ಬೂ... ಬೋ’ ಕೇಳುತ್ತದೆ.