ಆಕಾಶದ ಕಣ್ಣು ಓದಬಲ್ಲುದೆ?

‘ಐ ಇನ್ ದ ಸ್ಕೈ’ ಎಂಬ ಇಂಗ್ಲಿಷ್ ಚಲನಚಿತ್ರ 2015ರಲ್ಲಿ ಬಂದದ್ದು. ಅದನ್ನು ನಿರ್ದೇಶಿಸಿದವನು ಗೇವಿನ್ ಹುಡ್. ಪೈಲಟ್ ಇಲ್ಲದ ವಿಮಾನದಿಂದ, ಎಂದರೆ ಡ್ರೋನಿನಿಂದ, ಮನುಷ್ಯರನ್ನು ಕೊಲ್ಲಬಹುದೆ, ಕೊಲ್ಲುವುದಾದರೆ ಯಾವ ನಿಯಮದ ಮೇರೆಗೆ, ಎಂಬ ಚರ್ಚೆ ಎದ್ದಾಗ ಹಲವರು ಈ ಚಿತ್ರವನ್ನೇ ಮುಂದೆ ಮಾಡುತ್ತಾರೆ. ಈಚೆಗೆ ಜಗಳೂರಿನಲ್ಲಿ ಮಿತ್ರರೊಬ್ಬರ ಮನೆಯಲ್ಲಿ ಅದನ್ನು ಎರಡನೆಯ ಸಲ ನೋಡಿದೆ. ಮೊದಲ ಸಲದ ಮೆಚ್ಚುಗೆ ಹಾಗೆಯೇ ಇದೆ. ಆದರೆ ಅದರ ಜೊತೆಗೆ ಒಂದು ತಕರಾರೂ ಹುಟ್ಟಿಕೊಂಡಿದೆ.

ಕಥೆ ಸಣ್ಣದು. ನೈರೋಬಿಯ ಒಂದು ಮನೆಯಲ್ಲಿ ಉಗ್ರಗಾಮಿಗಳು ಸೇರಿದ್ದಾರೆ. ಇಬ್ಬರು ತರುಣರು ಸ್ಫೋಟಕ ಹೊಲಿದ ಅಂಗಿ ತೊಡುತ್ತಿದ್ದಾರೆ. ಅವರು ಹೊರಬಿದ್ದರೆ ಎಂಬತ್ತು ಜನ ಸಾಯಬಹುದೆಂದು ಅಂದಾಜು. ಆ ಮನೆಯ ಗೋಡೆಯ ಬಳಿ ಆಲಿಯಾ ಎಂಬ ಹುಡುಗಿ ತಾಯಿ ಸುಟ್ಟುಕೊಟ್ಟ ರೊಟ್ಟಿ ಮಾರಲು ಬರುತ್ತಾಳೆ. ವಿಮಾನದ ಗುಂಡಿ ಒತ್ತುವವನು ಅಮೆರಿಕದ ನೆವಾಡಾದಲ್ಲಿ; ಅಪ್ಪಣೆ ಕೊಡಬೇಕಾದವರು ಲಂಡನ್ನಿನಲ್ಲಿ. ಅಲ್ಲಿಂದ ಮುಂದೆ ಚಿತ್ರವೆಲ್ಲ ಅಪ್ಪಣೆಯ ಅಲೆದಾಟ. ಲಂಡನ್ನಿನ ಮಂತ್ರಿಗಳು ಸಿಂಗಪುರದಲ್ಲಿ ಹೊಟ್ಟೆ ಕೆಟ್ಟು ಒದ್ದಾಡುತ್ತಿರುವ ವಿದೇಶಾಂಗ ಮಂತ್ರಿಯನ್ನು ಕೇಳುತ್ತಾರೆ. ಆತ ಚೀನಾದಲ್ಲಿ ಪಿಂಗ್‌ಪಾಂಗ್ ಆಡುತ್ತಿರುವ ಅಮೆರಿಕದ ಮಂತ್ರಿಯನ್ನು ಕೇಳಬೇಕೆನ್ನುತ್ತಾನೆ. ಕಡತವೊಂದು ಮೇಜಿನಿಂದ ಮೇಜಿಗೆ ಹೋಗುವುದನ್ನು ಕಾದು ನೋಡಿದವರಿಗೆ ಇಲ್ಲಿನ ಹಾಸ್ಯ ಬೇಗ ಹಿಡಿಸುತ್ತದೆ.

ಚಿತ್ರದ ಅತ್ಯುತ್ತಮ ದೃಶ್ಯ ಲೆಕ್ಕದ್ದು. ಹುಡುಗಿ ಸಾಯುವ ಸಂಭವ ಶೇಕಡ ಐವತ್ತಕ್ಕಿಂತ ಕಡಮೆಯಿದ್ದರೆ ಅಪ್ಪಣೆ ಸಿಕ್ಕುತ್ತದೆ. ಹೆಲೆನ್ ಮಿರನ್ ಅಭಿನಯಿಸಿರುವ ಕರ್ನಲ್ ತನ್ನ ಕೈಕೆಳಗಿನ ಸಾರ್ಜೆಂಟನ ಪಕ್ಕದಲ್ಲಿ ನಿಂತು ಆ ಅಂಕಿ ಬರುವಂತೆ ಮಾಡು ಎಂದು ಒತ್ತುತ್ತಾಳೆ. ಆತ ಕ್ಷಿಪಣಿ ಬೀಳುವ ಜಾಗವನ್ನು ಕೊಂಚ ಸರಿಸಿ, ಬೆವರುತ್ತ, ನಲವತ್ತೈದು ಎನ್ನುತ್ತಾನೆ. ಅಂಕಿ ಇಳಿಯಿತು, ಹುಡುಗಿ ಮಾತ್ರ ಇದ್ದಲ್ಲೇ ಇದ್ದಾಳೆ. ನಿಯಮ ಎಂಬುದು ಹೇಗೆ ಅಂತಃಕರಣದ ಕೆಲಸವನ್ನು ಅಂಕಗಣಿತಕ್ಕೆ ವಹಿಸಿ ಕೈತೊಳೆದುಕೊಳ್ಳುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ದೃಶ್ಯವನ್ನು ನಾನು ಕಂಡಿಲ್ಲ.

ಇನ್ನು ತಕರಾರು. ಈ ಚಿತ್ರದಲ್ಲಿ ಯಂತ್ರದ ಕಣ್ಣು ಕಂಡದ್ದೆಲ್ಲ ಸತ್ಯ. ಜೀರುಂಡೆಯಂಥ ಪುಟ್ಟ ಯಂತ್ರ ಮನೆಯೊಳಕ್ಕೇ ಹಾರಿಹೋಗಿ ಸ್ಫೋಟಕದ ಅಂಗಿಗಳನ್ನು ತೋರಿಸುತ್ತದೆ. ಒಳಗಿರುವವರು ಯಾರು, ಏನು ಮಾಡಲಿದ್ದಾರೆ ಎಂಬುದರಲ್ಲಿ ಪ್ರೇಕ್ಷಕನಿಗೆ ಸಂದೇಹದ ಎಳೆಯೂ ಉಳಿಯುವುದಿಲ್ಲ. ಆದ್ದರಿಂದ ಉಳಿಯುವುದು ತಕ್ಕಡಿಯ ಪ್ರಶ್ನೆ ಒಂದೇ: ಈ ಕಡೆ ಒಂದು ಮಗು, ಆ ಕಡೆ ಎಂಬತ್ತು ಜನ. ನಾಟಕಕ್ಕೆ ಇದು ಅನುಕೂಲವೇ. ಆದರೆ ಕಂಡದ್ದನ್ನು ಸರಿಯಾಗಿ ಓದಿಕೊಂಡೆವೆ ಎಂಬ, ತಕ್ಕಡಿ ಹಿಡಿಯುವುದಕ್ಕೆ ಮೊದಲೇ ಕೇಳಬೇಕಾದ ಪ್ರಶ್ನೆಯನ್ನು ಚಿತ್ರಕಥೆ ಸದ್ದಿಲ್ಲದೆ ದಾಟಿಬಿಡುತ್ತದೆ.

ಆ ಪ್ರಶ್ನೆ ಎಷ್ಟು ದೊಡ್ಡದೆಂಬುದು 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ತಿಳಿಯಿತು. ಒಂದು ಬಿಳಿಯ ಕಾರನ್ನು ಅಮೆರಿಕದ ಡ್ರೋನುಗಳು ಗಂಟೆಗಟ್ಟಲೆ ಹಿಂಬಾಲಿಸಿ, ಅದಕ್ಕೆ ಏರಿಸುತ್ತಿರುವುದು ಸ್ಫೋಟಕವೆಂದು ತಿಳಿದು, ಕ್ಷಿಪಣಿ ಬಿಟ್ಟುವು. ಸತ್ತವರು ಹತ್ತು ಜನ. ಅವರಲ್ಲಿ ಏಳು ಮಕ್ಕಳು. ಕಾರಿನವನು ಒಂದು ಸೇವಾಸಂಸ್ಥೆಯ ನೌಕರ. ಏರಿಸಿದ್ದು ಮನೆಗೆ ಒಯ್ಯುವ ನೀರಿನ ಕ್ಯಾನುಗಳೆಂದು ಪತ್ರಕರ್ತರು ತೋರಿಸಿಕೊಟ್ಟರು. ಮೊದಲು ಇದನ್ನು ನ್ಯಾಯವಾದ ದಾಳಿ ಎಂದಿದ್ದ ಸೇನೆ ಸೆಪ್ಟೆಂಬರ್ 17ರಂದು ತಪ್ಪೊಪ್ಪಿಕೊಂಡಿತು. ನವೆಂಬರಿನಲ್ಲಿ ಮುಗಿದ ವಿಚಾರಣೆ ಯುದ್ಧದ ಕಾನೂನು ಎಲ್ಲಿಯೂ ಮುರಿದಿಲ್ಲವೆಂದಿತು. ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡದ್ದನ್ನೇ ನೋಡುವವರು ಚಿತ್ರದಲ್ಲಿ ಕಂಡರು ಎಂದೂ ಹೇಳಿತು. ಹೊಡೆಯುವ ಎರಡು ನಿಮಿಷ ಮೊದಲು ಒಂದು ಮಗು ತೆರೆಯ ಮೇಲೆ ಹಾದುಹೋಗಿತ್ತಂತೆ. ಯಾರಿಗೂ ಕಾಣಲಿಲ್ಲ.

ಜಗಳೂರು ಸೀಮೆಯಲ್ಲಿ ಕೂತು ಇದನ್ನು ಓದುವವನಿಗೆ ನೀರಿನ ಕ್ಯಾನಿನ ಮಾತು ಬೇರೆ ರೀತಿ ತಾಗುತ್ತದೆ. ಬರಕ್ಕೆ ಹೆಸರಾದ ತಾಲ್ಲೂಕು ಇದು. ಬೇಸಗೆ ಬಂತೆಂದರೆ ಸೈಕಲ್ಲು, ಗಾಡಿ, ಆಟೋ, ಯಾವುದು ಸಿಕ್ಕಿದರೆ ಅದಕ್ಕೆ ಕೊಡ, ಕ್ಯಾನು ಕಟ್ಟಿಕೊಂಡು ಜನ ಅಲೆಯುತ್ತಾರೆ. ಎದುರಿಗೆ ಬಂದವನಿಗೆ ಅದು ನೀರು. ಹದಿನೈದು ಸಾವಿರ ಅಡಿ ಮೇಲಿನಿಂದ ನೋಡುವವನಿಗೆ ಅದು ಭಾರವಾದ ಏನೋ ಒಂದು ವಸ್ತು.

ಅಧ್ಯಕ್ಷ ಒಬಾಮಾ 2013ರ ಮೇ ತಿಂಗಳಲ್ಲಿ, ಯುದ್ಧ ನಡೆಯುತ್ತಿಲ್ಲದ ಕಡೆಗಳಲ್ಲಿ ಮಾಡುವ ದಾಳಿಗಳಿಗೆಂದು ನಿಯಮಗಳನ್ನು ಮಾಡಿದರು. ಅವು ಪ್ರಕಟವಾಗುವುದಕ್ಕೆ ನ್ಯಾಯಾಲಯದ ಮೊಕದ್ದಮೆ ಬೇಕಾಗಿ 2016 ಆಯಿತು. ಗುರಿಯಾದವನು ಅಲ್ಲಿದ್ದಾನೆಂಬುದೂ ನಿರಪರಾಧಿಗಳಿಗೆ ಹಾನಿಯಿಲ್ಲವೆಂಬುದೂ ಹೆಚ್ಚುಕಡಮೆ ನಿಶ್ಚಿತವಾಗಿರಬೇಕು ಎಂಬುದು ಅವುಗಳ ತಿರುಳು. 2017ರಲ್ಲಿ ಅವು ಸಡಿಲಗೊಂಡುವು, 2022ರಲ್ಲಿ ಮತ್ತೆ ಬಿಗಿಗೊಂಡುವು. ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನ ಕಣ್ಣು ನಿಲ್ಲುವುದು ಆ ‘ನಿಶ್ಚಿತ’ ಎಂಬ ಶಬ್ದದ ಮೇಲೆ. ಯಾರಿಗೆ ನಿಶ್ಚಿತ? ನೋಡುವವನಿಗೆ. ಕಾಬೂಲಿನ ದಾಳಿ ಬೇರೆ ನಿಯಮಾವಳಿಯ ಕೆಳಗೆ ನಡೆದದ್ದಾದರೂ ಅಲ್ಲಿಯೂ ನೋಡುವವರಿಗೆ ನಿಶ್ಚಯಕ್ಕೇನೂ ಕೊರತೆಯಿರಲಿಲ್ಲ.

ಭಾರತ ಯುದ್ಧಕ್ಕೆ ಮೊದಲು ಎರಡು ಪಕ್ಷದವರೂ ಕೂಡಿ ನಿಯಮ ಮಾಡಿಕೊಂಡರೆಂದು ಭೀಷ್ಮಪರ್ವ ಹೇಳುತ್ತದೆ: ರಥಿಕನು ರಥಿಕನೊಡನೆ, ಪದಾತಿ ಪದಾತಿಯೊಡನೆ, ಓಡುವವನನ್ನು ಹೊಡೆಯಬಾರದು. ಆ ನಿಯಮಗಳು ಒಂದೊಂದಾಗಿ ಮುರಿದುವು, ನಿಜ. ಆದರೂ ಮುರಿದಾಗ ಕೇಳುವ ಮನುಷ್ಯ ಎದುರಿಗಿದ್ದ. ತೊಡೆ ಮುರಿದು ಬಿದ್ದ ದುರ್ಯೋಧನನ ಮಾತಿಗೆ ಇಡೀ ಕಾವ್ಯ ಕಿವಿಗೊಟ್ಟಿತು. ದೂರದಿಂದ ಎಲ್ಲವನ್ನೂ ಕಾಣುವ ದಿವ್ಯದೃಷ್ಟಿ ಸಂಜಯನಿಗೆ ದೊರೆತದ್ದು ಹೇಳುವುದಕ್ಕೆ. ಕಂಡಲ್ಲಿಂದಲೇ ಬಾಣ ಬಿಡುವುದಕ್ಕಲ್ಲ.

ಇದೆಲ್ಲ ಪರದೇಶದ ಮಾತೆಂದುಕೊಳ್ಳುವ ಹಾಗಿಲ್ಲ. ಇಲ್ಲಿಂದ ಮೂಡಣಕ್ಕೆ ಚಳ್ಳಕೆರೆ ತಾಲ್ಲೂಕು. ಅಲ್ಲಿ ಕುರಿ ದನ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲಿ 4,290 ಎಕರೆ ರಕ್ಷಣಾ ಸಂಶೋಧನೆಗೆ ಸಂದು, ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುವ ಕೇಂದ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ವಿಮಾನ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿತ್ತು. ‘ತಪಸ್’ ಎಂಬ ಹೆಸರು ಪಡೆದ ಮೇಲೆ 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯಲ್ಲಿ ಇನ್ನೊಂದು ಬಿತ್ತು. ಊರವರು ನೋಡಲು ಮುತ್ತಿದರು. 2024ರ ಅಕ್ಟೋಬರಿನಲ್ಲಿ ನಮ್ಮ ಸರ್ಕಾರ ಕ್ಷಿಪಣಿ ಹೊರಬಲ್ಲ 31 ಡ್ರೋನುಗಳಿಗೆ ಅಮೆರಿಕದೊಡನೆ ಒಪ್ಪಂದ ಮಾಡಿಕೊಂಡಿತು. 2021ರ ಡ್ರೋನ್ ನಿಯಮಗಳು ಮದುವೆಮನೆಯ ಮೇಲೆ ಹಾರುವ ಕ್ಯಾಮೆರಾದವನಿಗೂ ಕಟ್ಟಳೆ ಹಾಕುತ್ತವೆ. ಭೂ, ನೌಕಾ, ವಾಯು ಸೇನೆಗಳಿಗೆ ಅವು ಅನ್ವಯಿಸವು. ಸೇನೆಗೆ ಬೇರೆ ನಿಯಮ ಬೇಕೆಂಬುದು ಯಾರಿಗೂ ತಿಳಿಯುವ ಮಾತು. ಆದರೆ ವಿಮಾನದ ಬೆಲೆ, ವೇಗ, ಎತ್ತರಗಳನ್ನು ಅಷ್ಟು ಸಂಭ್ರಮದಿಂದ ವರ್ಣಿಸುವ ನಮ್ಮ ಪತ್ರಿಕೆಗಳು, ತೆರೆಯ ಮೇಲಿನ ಚುಕ್ಕೆಯನ್ನು ಯಾರು ಓದುವರು, ಓದಿದ್ದು ಸರಿಯೆಂದು ಇನ್ನಾರು ಒರೆ ಹಚ್ಚುವರು ಎಂದು ಒಂದು ಅಂಕಣದಷ್ಟಾದರೂ ಕೇಳಬಾರದೆ?

ಚಿತ್ರದ ಕೊನೆಯ ಭಾಗದಲ್ಲಿ ಒಂದು ಕ್ಷಣವಿದೆ. ಅದಕ್ಕಾಗಿ ಗೇವಿನ್ ಹುಡ್‌ಗೆ ನಾನು ಉಳಿದದ್ದನ್ನೆಲ್ಲ ಬಿಟ್ಟುಕೊಡುತ್ತೇನೆ. ಗಾಯಗೊಂಡ ಮಗಳನ್ನು ಎತ್ತಿಕೊಂಡ ತಂದೆ ಬೀದಿಯಲ್ಲಿ ಕೂಗಿಕೊಂಡಾಗ, ಬಂದೂಕು ಹೂಡಿದ ಉಗ್ರರ ವಾಹನವೇ ನಿಲ್ಲುತ್ತದೆ. ಅವರು ಬಂದೂಕನ್ನು ಕಿತ್ತು ಕೆಳಗಿಳಿಸಿ, ಮಗುವಿಗೆ ಜಾಗ ಮಾಡಿ, ಆಸ್ಪತ್ರೆಯ ಕಡೆಗೆ ಧಾವಿಸುತ್ತಾರೆ. ಮೇಲಿನ ವಿಮಾನ ಇನ್ನೂ ಸುತ್ತುತ್ತಲೇ ಇರುತ್ತದೆ.